ಸರದಿಯಮ್ಮ ಮತ್ತು ಅಣ್ಣನ ಕಿವಿ

ಆಫೀಸಿನಲ್ಲಿ ಅವಳಿಗೆ ಸರದಿಯಮ್ಮ ಎಂದೇ ಹೆಸರು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ದಿನ ಗೊತ್ತುಮಾಡುವ ಸಾಫ್ಟ್‌ವೇರ್ ಅವರ ಕಂಪನಿಯದು. ಹೊಸ ಕಂಪ್ಯೂಟರು, ಹಳೇ ಕಂಪ್ಯೂಟರು, ಈ ಬ್ರೌಸರು, ಆ ಬ್ರೌಸರು, ಎಲ್ಲದರಲ್ಲೂ ನಡೆಯುತ್ತದೆ ಎಂದು ಕಂಪನಿ ಎದೆ ತಟ್ಟಿ ಹೇಳಿಕೊಳ್ಳುತ್ತಿತ್ತು. ಎಲುಬಿಲ್ಲದ ನಾಲಿಗೆ, ಹೇಳುವುದಕ್ಕೇನು! ಆದರೆ ಕಂಪ್ಯೂಟರು-ಬ್ರೌಸರುಗಳ ಒಂದೊಂದು ಜೋಡಣೆಯ ಮೇಲೂ ಪರೀಕ್ಷೆ ತಾನಾಗಿ ಓಡಬೇಕಲ್ಲ? ಯಂತ್ರಗಳು ಕಡಿಮೆ, ಪರೀಕ್ಷೆಗಳು ರಾಶಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಸರದಿ ಹಚ್ಚುವುದೇ ಅವಳ ಕೆಲಸ.

ಆ ರಾಶಿಯಲ್ಲಿ ಒಂದು ಮೊಂಡು ಜೋಡಣೆಯಿತ್ತು. ಹಳೇ ಕಂಪ್ಯೂಟರು, ಜೊತೆಗೆ ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ದನಿ. ಅದು ಒಂದೊಂದೇ ಪದ ಉಚ್ಚರಿಸಿ ಮುಗಿಸುವಷ್ಟರಲ್ಲಿ ಅದರ ಹಿಂದೆ ಸಾಲಿನಲ್ಲಿದ್ದ ಪರೀಕ್ಷೆಗಳೆಲ್ಲ ಕಾದು ನಿಂತಿರುತ್ತಿದ್ದವು. ಸಾಫ್ಟ್‌ವೇರಿನ ಹೊಸ ಆವೃತ್ತಿಯ ಬಿಡುಗಡೆ ಹತ್ತಿರ ಬಂದಂತೆ ಮ್ಯಾನೇಜರು ತಲೆ ತಿನ್ನತೊಡಗಿದ. ಅವಳು ಅದನ್ನು ದಿನದಿಂದ ವಾರಕ್ಕೆ ತಳ್ಳಿದಳು, ವಾರದಿಂದ ತಿಂಗಳಿಗೆ, ಕೊನೆಗೆ ‘ಬಿಡುವಾದಾಗ’ ಎನ್ನುವಲ್ಲಿಗೆ. ಬಿಡುವು ಯಾರಪ್ಪನ ಮನೆಯಲ್ಲಿದೆ? ಪರೀಕ್ಷೆಗಳು ಬೇಗ ಮುಗಿದವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳೇಕೆ, ಅವಳಿಗೂ ಹೆಮ್ಮೆಯಾಯಿತು.

ಅವಳ ಒಡಹುಟ್ಟಿದ ಅಣ್ಣನಿಗೇ ಕಣ್ಣು ಕಾಣದು. ಒಂದು ಆಸ್ಪತ್ರೆಯ ಫೋನಿನ ಮುಂದೆ ಕೂತು, ಅಂಥದೇ ಹಳೇ ಕಂಪ್ಯೂಟರಿನಲ್ಲಿ ಇವಳ ಕಂಪನಿಯದೇ ಸಾಫ್ಟ್‌ವೇರನ್ನು ಓದುವ ದನಿ ಕೇಳಿಕೊಂಡು ರೋಗಿಗಳಿಗೆ ದಿನ ಕೊಡುವುದು ಅವನ ಉದ್ಯೋಗ. ಅವಳಿಗೆ ಇದು ನೆನಪಿರಲಿಲ್ಲವೇ? ಇತ್ತು. ಇಷ್ಟು ದಿನ ಕೆಡದದ್ದು ಈಗೇನು ಕೆಡುತ್ತದೆ ಎಂದುಕೊಂಡಿದ್ದಳು.

ಒಂದು ರಜೆಯ ದಿನ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಒಗೆದ ಬಟ್ಟೆ ಮಡಚುತ್ತಾ ದನಿ ತಗ್ಗಿಸಿದಳು.

“ನಿಮ್ಮಣ್ಣಂಗೆ ಕಿವೀನೂ ಕೈಕೊಡ್ತಿದೆ ಕಣೇ. ಕಂಪ್ಯೂಟರ್ ಒಂದು ತಾರೀಖು ಹೇಳಿದ್ರೆ ಇವರಿಗೆ ಇನ್ನೊಂದು ಕೇಳಿಸುತ್ತೆ. ಆಪರೇಷನ್ನಿನವರನ್ನ ತಪ್ಪು ದಿನಕ್ಕೆ ಕರೆಸಿಬಿಟ್ರಂತೆ. ಈಗ ಕುರ್ಚಿಯಿಂದ ಎಬ್ಬಿಸಿ ಬಾಗಿಲ ಹತ್ರ ಬೆಂಚಲ್ಲಿ ಕೂರಿಸಿದಾರೆ. ಕೆಲಸ ಉಳಿಯೋದೇ ಅನುಮಾನ.”

“ಕಂಪ್ಯೂಟರ್‌ದೇ ತಪ್ಪಿರಬಹುದಲ್ವಾ ಅತ್ತಿಗೆ?”

“ನಾನೂ ಅದೇ ಅಂದೆ. ‘ನನ್ನ ತಂಗಿ ನೋಡಿ ಕಳಿಸಿರೋದು, ಅದ್ರಲ್ಲಿ ತಪ್ಪಿರಲ್ಲ’ ಅಂತ ಮೇಲಿನವರ ಮುಂದೇನೇ ಹೇಳಿ ಬಂದಿದಾರೆ ಮಹಾರಾಯರು!”

ಮರುದಿನ ಅವಳು ಆ ಪರೀಕ್ಷೆಯನ್ನೇ ಮೊದಲು ಓಡಿಸಿದಳು. ಕೆಂಪು, ಎಂದರೆ ನಪಾಸು. ಪರದೆಯಲ್ಲಿ ಮುಂದಿನ ತಾರೀಖಿಗೆ ಹೋದರೂ ದನಿ ಹಿಂದಿನದನ್ನೇ ಹೇಳುತ್ತಿತ್ತು.

“ಸರಿಮಾಡೋಕೆ ಯಾರಿಗಿದೆ ಪುರುಸೊತ್ತು?” ಎಂದ ಮ್ಯಾನೇಜರು. “ಆ ಜೋಡಣೆಗೆ ಇನ್ಮೇಲೆ ಬೆಂಬಲ ಇಲ್ಲ ಅಂತ ಹಾಕಿ. ಪರೀಕ್ಷೇನೂ ತೆಗೆದುಬಿಡಿ.”

“ಸಾರ್, ನಮ್ಮಣ್ಣ ಅದರಲ್ಲೇ ಕೆಲಸ ಮಾಡೋದು.”

“ಹೊಸ ಕಂಪ್ಯೂಟರ್ ಕೊಡಿಸಿ! ಮತ್ತೆ ನೋಡಿ, ಇದು ಇಲ್ಲಿಗೇ ಮುಗೀಬೇಕು. ಹೊರಗೆ ಹೋದ್ರೆ ನಿಮ್ಮ ಕೆಲಸಕ್ಕೆ ನಾನು ಜವಾಬ್ದಾರಿ ಅಲ್ಲ.”

ಮಧ್ಯಾಹ್ನದ ಹೊತ್ತಿಗೆ ಪರದೆಯ ತುಂಬ ಹಸಿರು. ಆ ಪರೀಕ್ಷೆಯನ್ನು ತೆಗೆದದ್ದು ಅವಳ ಕೈಯೇ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಂಜೆ ಹೋದಾಗ ಅಣ್ಣ ಅಪ್ಪನ ಹಳೇ ಕೈಗಡಿಯಾರವನ್ನು ಒಮ್ಮೆ ಈ ಕಿವಿಗೆ, ಒಮ್ಮೆ ಆ ಕಿವಿಗೆ ಹಿಡಿದು ನೋಡುತ್ತ ಕೂತಿದ್ದ. ಅವಳಿಗೆ ತಡೆಯಲಾಗಲಿಲ್ಲ.

“ಅಣ್ಣಾ, ನಿನ್ನ ಕಿವಿಗೆ ಏನೂ ಆಗಿಲ್ಲ. ಅದೇ ತಪ್ಪು ಓದ್ತಿತ್ತು. ಅದರ ಪರೀಕ್ಷೆ ಹಿಂದಕ್ಕೆ ತಳ್ಳಿದ್ದು ನಾನೇ.”

ಬೈಯುತ್ತಾನೆ ಎಂದು ತಲೆ ತಗ್ಗಿಸಿ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಹಾಗಾದ್ರೆ ನಂಗೆ ಸರಿಯಾಗೇ ಕೇಳಿಸ್ತಿತ್ತಾ?” ಅವನ ಮುಖ ಅರಳಿತು. “ಅಬ್ಬಾ! ನಾಳೇನೇ ಬಂದು ನಮ್ಮ ಮೇಲಿನವರಿಗೆ ಇಷ್ಟು ಹೇಳ್ಬಿಡು ಪುಟ್ಟಿ. ಕುರ್ಚಿ ವಾಪಸ್ ಕೊಡ್ತಾರೆ. ಬರ್ತೀಯಲ್ಲಾ?”

ಅವಳು ಬಾಯಿ ತೆರೆದಳು. ಮ್ಯಾನೇಜರನ ಮಾತು ನೆನಪಾಯಿತು. ಬಾಯಿ ಮುಚ್ಚಿದಳು.

ಅಣ್ಣ ಕತ್ತು ವಾಲಿಸಿ ಅವಳ ಕಡೆಗೆ ಕಿವಿ ಕೊಟ್ಟ.

“ಏನೋ ಅಂದ್ಯಾ ಪುಟ್ಟಿ? ನಂಗೆ ಕೇಳಿಸ್ಲಿಲ್ಲ” ಎಂದು ಗಡಿಯಾರವನ್ನು ಮತ್ತೆ ಕಿವಿಗೆ ಹಿಡಿದುಕೊಂಡ.