ಜೋನಿಬೆಲ್ಲದ ಬಿಸ್ಕತ್ತು, ಪಕ್ಕದ ಮನೆಯ ಡಬ್ಬ

ದೀಪಾವಳಿಗೆ ಬಿಸ್ಕತ್ತು ಮಾಡಿ ದೇವರ ಮುಂದೆ ಇಟ್ಟವಳು ಎಂದು ನಮ್ಮ ನೆಂಟರಲ್ಲಿ ಈಗಲೂ ನನ್ನನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಇಟ್ಟಿದ್ದು ನಿಜ.

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಯಜಮಾನರಿಗೆ ಅಲ್ಲೇ ನೌಕರಿ, ಕಾರ್ಗಲ್ಲಿನಲ್ಲಿ ಕ್ವಾರ್ಟರ್ಸು. ಪಕ್ಕದ ಮನೆಯಾಕೆ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು. ನನ್ನ ಮಗಳು ಜ್ವರದಲ್ಲಿ ಕಣ್ಣೇ ಬಿಡದೆ ಮಲಗಿದ್ದಾಗ ನನ್ನ ಜೊತೆ ಕೂತು ಹಣೆಗೆ ತಣ್ಣೀರು ಬಟ್ಟೆ ಹಾಕಿದವಳು. ನಾನು ನನ್ನ ದೇವರಿಗೆ ತುಪ್ಪದ ದೀಪ ಹಚ್ಚಿದೆ, ಆಕೆ ತನ್ನ ದೇವರಿಗೆ ಮೇಣದ ಬತ್ತಿ ಹಚ್ಚಿದಳು. ಯಾರಿಗೆ ಕೇಳಿಸಿತೋ, ಮಗು ಉಳಿಯಿತು. ನಾನು ಇಬ್ಬರಿಗೂ ಕೈ ಮುಗಿದೆ.

ಆಕೆ ಕ್ರಿಸ್ಮಸ್ಸಿಗೆ ಬಿಸ್ಕತ್ತು ಮಾಡಿ ನಮ್ಮ ಸಾಲಿನ ಮನೆಗಳಿಗೆಲ್ಲ ಹಂಚುತ್ತಿದ್ದಳು. ಅದರಲ್ಲಿ ಮೊಟ್ಟೆ ಇರುತ್ತಿದ್ದರಿಂದ ನಮಗೆ ಮಾತ್ರ ಬಾಳೆಹಣ್ಣು. ಆ ವರ್ಷ ದೀಪಾವಳಿಗೆ ಮುಂಚೆ ನಾನೇ ಕೇಳಿದೆ, ನಮಗಾಗುವಂಥದ್ದು ಕಲಿಸಿಕೊಡಿ ಎಂದು.

"ಮೊಟ್ಟೆ ಬೇಡ, ಮೈದಾನೂ ಬೇಡ ಮಾರಾಯ್ರೆ. ನಿಮ್ಮ ಬೆಲ್ಲವೇ ಹಾಕುವ," ಎಂದಳು.

ಗೋಧಿಹಿಟ್ಟು, ಜೇನಿನಂತೆ ಸುರಿಯುವ ನಮ್ಮ ಜೋನಿಬೆಲ್ಲ, ತುಪ್ಪ, ಹುರಿದ ಎಳ್ಳು, ಏಲಕ್ಕಿ. ನೀರು ಸೋಕಿಸದೆ ಹಾಲಿನಲ್ಲಿ ಕಲಸಿದೆ. ನೀರು ಹಾಕಿ ಬೇಯಿಸಿದ್ದು ಮುಸುರೆ, ಮಡಿಯವರು ತಿನ್ನುವುದಿಲ್ಲ. ಬಾಣಲೆಗೆ ಮರಳು ತುಂಬಿ, ಅದರೊಳಗೆ ತಟ್ಟೆಯಿಟ್ಟು, ಮುಚ್ಚಳದ ಮೇಲೆ ಕರಟದ ಕೆಂಡ ಹರಡಿದೆ. ಮೊದಲ ಒಬ್ಬೆ ತಳ ಸೀದು ಕಪ್ಪಾಯಿತು.

"ಕೆಂಡ ಮೇಲೆ ಹೆಚ್ಚು, ಕೆಳಗೆ ಕಮ್ಮಿ. ನೀವು ದೋಸೆ ಹೊಯ್ಯೂದಲ್ಲ!" ಎಂದು ಆಕೆ ನಕ್ಕಳು.

ಎರಡನೆಯದು ಕೆಂಪಗೆ ಬಂತು. ತುಂಬಲು ಒಂದು ತಗಡಿನ ಡಬ್ಬ ತಂದುಕೊಟ್ಟಳು. ಹೊಸದು, ಇನ್ನೂ ಏನನ್ನೂ ಹಾಕದೆ ಇದ್ದದ್ದು. ಅಷ್ಟು ನಾಜೂಕಾಗಿ ಯೋಚಿಸಿದ್ದಳು.

ಸಾಗರದಲ್ಲಿ ಬಸ್ಸು ಬದಲಿಸಿ, ಹೊಸನಗರದ ಮೇಲೆ ತೀರ್ಥಹಳ್ಳಿ ಕಡೆಯ ಅತ್ತೆಮನೆಗೆ ಹೊರಟೆವು. ಮಗಳು ಯಜಮಾನರ ತೊಡೆಯ ಮೇಲೆ, ಡಬ್ಬ ನನ್ನ ತೊಡೆಯ ಮೇಲೆ.

"ಯಾರ ಹತ್ರ ಕಲ್ತೆ ಅಂತ ಅಮ್ಮ ಕೇಳಿದ್ರೆ, ಉಡುಪಿ ಅಡುಗೆಭಟ್ಟರ ಮನೇಲಿ ಅಂದ್ಬಿಡು," ಎಂದರು ಯಜಮಾನರು.

"ಸುಳ್ಳು ಬೆರೆಸಿದ್ದನ್ನ ದೇವ್ರಿಗೆ ಹ್ಯಾಗೆ ಇಡಲಿ ಹೇಳಿ?"

"ಹಾಗಾದ್ರೆ ಅಮ್ಮ ಮುಟ್ಟಲ್ಲ. ಹಂಚೋಕೂ ಬಿಡಲ್ಲ."

"ನನ್ನ ಮಗಳ ತಲೆ ಕಾಯ್ದವಳ ಹೆಸರು ಮುಚ್ಚಿಟ್ಟು ಹಂಚೋದು ನಂಗೆ ಬೇಕಾಗಿಲ್ಲ."

ಡಬ್ಬದಲ್ಲಿ ಏನು, ಯಾರು ಕಲಿಸಿದ್ದು ಎಂದು ಹೋಗಿ ಕೂರುವ ಮೊದಲೇ ಅತ್ತೆ ಕೇಳಿದರು. ಹೇಳಿದೆ. ಡಬ್ಬದತ್ತ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಎಂತ ಮಾರಾಯ್ತಿ, ದೇವ್ರಿಗೆ ಇಡೋಕೆ ಇದೇ ಸಿಕ್ತಾ ನಿಂಗೆ? ಕಜ್ಜಾಯ ಮಾಡೋಕೆ ಕೈ ಬರಲ್ವಾ?"

"ಬರತ್ತೆ ಅತ್ತೆ. ಕಜ್ಜಾಯಾನೂ ಮಾಡ್ತೀನಿ, ಇದನ್ನೂ ಇಡ್ತೀನಿ."

"ದೇವರ ಕೋಣೆ ಹೊಸ್ತಿಲು ಮಾತ್ರ ದಾಟಿಸ್ಬೇಡ."

ದಾಟಿಸಲಿಲ್ಲ. ತುಳಸಿ ಅಂಗಳದಲ್ಲೇ ಇದ್ದಾಳಲ್ಲ! ಹಬ್ಬದ ಬೆಳಿಗ್ಗೆ ಮಿಂದು, ಮಡಿಯುಟ್ಟು, ಬಾಳೆಲೆಯ ತುದಿಯಲ್ಲಿ ಬಿಸ್ಕತ್ತು ಇಟ್ಟು ಆರತಿ ಎತ್ತಿದೆ. ಒಳಗಿನವರಿಗೂ ಕೇಳುವಂತೆ ಗಂಟೆ ಬಾರಿಸಿದೆ. ಉಳಿದದ್ದನ್ನು ಎಲೆಯಲ್ಲಿ ಕಟ್ಟಿಕೊಂಡು ನಾನೇ ಮನೆಮನೆಗೆ ಕೊಟ್ಟುಬಂದೆ, ಯಾರು ಕಲಿಸಿದ್ದೆಂದು ಹೇಳಿಯೇ ಕೊಟ್ಟೆ. ಒಂದು ಮನೆಯವರು ಬೇಡವೆಂದರು. ಕೆಳಮನೆಯ ಅಜ್ಜಿ ಕಾಫಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, "ಗಟ್ಟಿ ಇದ್ಯಲ್ಲೇ, ನಿನ್ನ ಹಾಗೇ," ಎಂದರು. "ಇನ್ನೊಂದು ಕೊಡು."

ಅತ್ತೆ ಕೊನೆಗೂ ತಿನ್ನಲಿಲ್ಲ. ನಾನು ಒತ್ತಾಯಿಸಲೂ ಇಲ್ಲ. ಹೊರಡುವ ದಿನ ಬರಿದಾದ ಡಬ್ಬವನ್ನು ಚೀಲಕ್ಕೆ ಹಾಕುತ್ತಿದ್ದಾಗ ಬಂದು ನಿಂತರು.

"ಅದು ಯಾರ ಡಬ್ಬ?"

"ಆಕೇದೇ ಅತ್ತೆ."

"ಖಾಲಿ ಕೊಡ್ತೀಯಾ ಅವ್ಳಿಗೆ? ನಮ್ಮನೆ ಮರ್ಯಾದೆ ಎಂತಾಗ್ಬೇಕು? ಕೊಡಿಲ್ಲಿ!"

ಕೈಯಿಂದ ಕಿತ್ತುಕೊಂಡರು. ಅಟ್ಟದಿಂದ ಹಲಸಿನ ಹಪ್ಪಳದ ಕಟ್ಟು ಇಳಿಸಿ, ಒಂದೂ ಮುರಿಯದಂತೆ ಜೋಡಿಸಿ, ಡಬ್ಬದ ಬಾಯಿವರೆಗೆ ತುಂಬಿದರು. ಮುಚ್ಚಳ ಒತ್ತುತ್ತಾ, ನನ್ನ ಮುಖ ನೋಡದೆ ಹೇಳಿದರು:

"ಎಣ್ಣೆ ಚೆನ್ನಾಗಿ ಕಾದ ಮೇಲೆ ಬಿಡ್ಬೇಕು ಅಂತ ಹೇಳು ಅವ್ಳಿಗೆ."

"ಹೇಳ್ತೀನಿ ಅತ್ತೆ," ಎಂದೆ. "ಯಾರು ಕೊಟ್ರು ಅಂತಾನೂ ಹೇಳ್ತೀನಿ."