ಏರಿಯ ಮೇಲೆ ಕೈಕಟ್ಟಿ ನಿಂತವರು

ಮೊನ್ನೆ ನಮ್ಮ ಮನೆಗೆ ಒಂದು ಪುಸ್ತಕ ಬಂತು. ಲೋಕಸೇವಾ ವಿದ್ಯಾರ್ಥಿ ಮಂಡಳದ ವರದಿ. ನುಣುಪು ಕಾಗದ, ಮೊದಲ ಪುಟದಲ್ಲೇ ಹನ್ನೆರಡು ಹುಡುಗರ ಫೋಟೋ. ಎಡಗಡೆಯಿಂದ ನಾಲ್ಕನೆಯವನು ನಮ್ಮ ಅಣ್ಣ ನರಹರಿ. ಕೆಳಗೆ ಅಚ್ಚು ಹಾಕಿಸಿದ್ದಾರೆ, 'ಸಿಲೋನಿನ ಸೇವೆಯಿಂದ ಈ ತರುಣರ ಜೀವನದೃಷ್ಟಿಯೇ ಬದಲಾಯಿತು' ಅಂತ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಹಡಗಿನ ಕ್ಯಾಪ್ಟನ್ನನ ಹೆಸರಿದೆ, ಹಾರ ಹಾಕಿದವರ ಹೆಸರಿದೆ, ಸಭೆಗೆ ಜಮಖಾನೆ ಕೊಟ್ಟವರ ಹೆಸರೂ ಇದೆ. ಲಕ್ಷ್ಮವ್ವನ ಹೆಸರಿಲ್ಲ. ಆ ಹನ್ನೆರಡು ಮಂದಿಯಲ್ಲಿ ಒಬ್ಬನ ಕಣ್ಣಾದರೂ ಖರೇ ತೆರೆದಿದ್ದರೆ, ತೆರೆಸಿದವಳು ಅವಳು. ಅದಕ್ಕೇ ನಾನು ಬರೆಯಲು ಕೂತಿದ್ದೇನೆ. ವತ್ಸಲಾಗೆ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ. ಅನ್ನಲಿ.

ಲಕ್ಷ್ಮವ್ವ ನಾಗಪುರದ ಅಜ್ನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಐದು ಕನ್ನಡ ಮನೆಗಳ ಮುಸುರೆ ತಿಕ್ಕುತ್ತಿದ್ದಳು. ರೋಣದ ಕಡೆಯ ಹೆಂಗಸು. ಗಂಡ ಬಸವಂತ ಗ್ಯಾಂಗ್‌ಮನ್ ಆಗಿ ಈ ನಾಗಪುರಕ್ಕೆ ಬಂದ. ಒಂದು ಮೇ ತಿಂಗಳಲ್ಲಿ ಹಳಿಯ ಕೆಲಸ ಮಾಡುವಾಗ ಬಿಸಿಲು ಬಡಿದು ಬಿದ್ದವನು ಮತ್ತೆ ಏಳಲಿಲ್ಲ. ಆಗ ಅವಳ ಮಗಳು ಕಲಾವತಿಗೆ ಐದು ವರ್ಷ. ನಮ್ಮ ಅಪ್ಪ ಪಾಂಡುರಂಗರಾಯರು ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಒಂದು ಖೋಲಿ ಖಾಲಿ ಬಿದ್ದಿತ್ತು. 'ಬಾಡಿಗಿ ಬ್ಯಾಡ, ಎರಡು ಹೊತ್ತು ನಮ್ಮ ಮನಿ ಮುಸುರಿ ತಿಕ್ಕು' ಎಂದು ಅಪ್ಪ ಅದನ್ನು ಅವಳಿಗೆ ಬಿಟ್ಟುಕೊಟ್ಟರು. ನಾನು ಹುಟ್ಟುವುದಕ್ಕೂ ಮುಂಚಿನ ಮಾತು ಇದು. ಆ ಖೋಲಿಯ ನೆಲ ಸಾರಿಸಿದವಳು, ಗೋಡೆಗೆ ಸುಣ್ಣ ಬಳಿದವಳು, ಬಾಗಿಲ ಬದಿಗೆ ತುಪ್ಪದ ಡಬ್ಬಿಯಲ್ಲಿ ತುಳಸಿ ಹಚ್ಚಿದವಳು, ಮಗಳನ್ನು ಬೆಳೆಸಿ ಕನ್ಹಾನಿಗೆ ಮದುವೆ ಮಾಡಿ ಕಳಿಸಿದವಳು ಲಕ್ಷ್ಮವ್ವನೇ.

ಬಾಯಿ ಅಂದರೆ ಬಾಯಿ ಅವಳದು. ಕಾಯಿಪಲ್ಲೆಯವನ ಜೋಡಿ ಮರಾಠಿಯಲ್ಲಿ ಜಗಳ ಶುರುಮಾಡಿ, ಮರಾಠಿ ಸಾಲದಾದಾಗ ಕನ್ನಡದಲ್ಲಿ ಮುಗಿಸುತ್ತಿದ್ದಳು. ಅವನಿಗೆ ಒಂದು ಅಕ್ಷರ ತಿಳಿಯದಿದ್ದರೂ ತೂಕ ಬರೋಬರ್ ಆಗುತ್ತಿತ್ತು. ಹೊತ್ತಿದ ಪಾತ್ರೆ ಕೈಗೆ ಬಂದರೆ ಪಾತ್ರೆಗೇ ಬೈಯುವಳು, 'ಏನ ಕರಿ ಮಾರಿ ಮಾಡಕೊಂಡ ಬಂದೀಯೇ' ಅಂತ. ಅಣ್ಣನಿಗೆ ಸಣ್ಣವನಿದ್ದಾಗ ವಿಷಮಜ್ವರ ಬಂದಿತ್ತು. ಮಟಮಟ ಮಧ್ಯಾಹ್ನ ಇತವಾರಿ ಪೇಟೆಯ ತನಕ ನಡೆದುಹೋಗಿ, ಗೋಣಿತಟ್ಟಿನಲ್ಲಿ ಸುತ್ತಿದ ಮಂಜುಗಡ್ಡೆಯನ್ನು ತಲೆಯ ಮೇಲೆ ಹೊತ್ತು ತಂದವಳು ಅವಳು. ಅವತ್ತೂ ಅವಳು ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ, ದಾಟುವ ಹಾಗಿರಲಿಲ್ಲ. ಅವಳು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬೆಳಗಿಟ್ಟ ಪಾತ್ರೆಗಳ ಮೇಲೆ ಅವ್ವ ಮತ್ತೊಂದು ತಂಬಿಗೆ ನೀರು ಹಾಕಿಯೇ ಒಳಗೆ ಒಯ್ಯುತ್ತಿದ್ದಳು. ದಿನಾ ಎರಡು ಹೊತ್ತು, ಅವಳ ಕಣ್ಣೆದುರಿಗೇ.

ಹೋದ ವರ್ಷದ ಹಿಂದಿನ ವರ್ಷ ಡಿಸೆಂಬರಿನಲ್ಲಿ ಸಿಲೋನಿನಲ್ಲಿ ದೊಡ್ಡ ನೆರೆ ಬಂದು ಕೆರೆಗಳು ಒಡೆದುಹೋದವು. ಅಣ್ಣ ಆಗ ಬಿ.ಎ. ಓದುತ್ತಿದ್ದ. ಕಾಲೇಜಿನ ಹುಡುಗರು ಮಂಡಳ ಕಟ್ಟಿಕೊಂಡು ಹನ್ನೆರಡು ಜನ ಸೇವೆಗೆ ಹೊರಟರು. ಧನುಷ್ಕೋಟಿಯ ತನಕ ರೈಲು, ಆಮೇಲೆ ಹಡಗು. ಅವ್ವ ಎರಡು ಡಬ್ಬಿ ಚಟ್ನಿಪುಡಿ ಕಟ್ಟಿಕೊಟ್ಟು ಅತ್ತಳು. ಅಪ್ಪ ಆಫೀಸಿಗೆಲ್ಲ ಪೇಢೆ ಹಂಚಿದರು. ಅಲ್ಲಿ ಅವರು ಒಂದು ಕೆರೆಯ ಏರಿಗೆ ಐದು ವಾರ ಮಣ್ಣು ಹೊತ್ತರು. ಸುಳ್ಳಲ್ಲ, ಹೊತ್ತಿದ್ದಾರೆ. ಅಣ್ಣನ ಅಂಗೈಯ ಗುಳ್ಳೆಗಳನ್ನು ನಾನೇ ನೋಡಿದ್ದೇನೆ.

ಬಂದ ಮೇಲೆ ಕನ್ನಡ ಮಂಡಳಿಯಲ್ಲಿ ಸತ್ಕಾರ. ಶಾಲು, ಹಾರ, ಭಾಷಣ. ಅಣ್ಣ ಚಲೋ ಮಾತಾಡಿದ. ಯಾವ ಕೆಲಸವೂ ಕೀಳಲ್ಲ, ಮಣ್ಣು ಹೊತ್ತಾಗಲೇ ತನಗೆ ಮನುಷ್ಯ ಅಂದರೆ ಏನು ಅಂತ ತಿಳಿಯಿತು ಅಂದ. ನಡುವೆ ಜನರನ್ನು ನಗಿಸಲಿಕ್ಕೆ ಒಂದು ಮಾತು ಹೇಳಿದ. 'ನಾವು ಪರದೇಶದವರು ಬೆವರು ಸುರಿಸುತ್ತಿದ್ದರೆ ಆ ಊರಿನ ಐವತ್ತು ಅರವತ್ತು ಗಂಡಸರು ಏರಿಯ ಮೇಲೆ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದರು. ದಿನಾ ಬರುತ್ತಿದ್ದರು, ಒಂದು ಬುಟ್ಟಿ ಮುಟ್ಟುತ್ತಿರಲಿಲ್ಲ. ಅವರಿಗೆ ನಾವು ಪ್ರೇಕ್ಷಕ ಮಹಾಶಯರು ಅಂತ ಹೆಸರಿಟ್ಟಿದ್ದೆವು!' ಸಭೆ ಹೋ ಅಂತ ನಕ್ಕಿತು. ನಾನೂ ನಕ್ಕೆ. ಹಿಂದಿನ ಬಾಗಿಲಲ್ಲಿ ಲಕ್ಷ್ಮವ್ವ ಚಹಾದ ಕಪ್ಪು ತೊಳೆಯುತ್ತಿದ್ದಳು. ಅವಳು ನಗಲಿಲ್ಲ. ಕೈಯಲ್ಲಿ ಕಪ್ಪು ಹಿಡಿದುಕೊಂಡು ಅಣ್ಣನನ್ನೇ ನೋಡುತ್ತಿದ್ದಳು.

ಮರುದಿನ ಊಟವಾದ ಮೇಲೆ ಅಣ್ಣ ತನ್ನ ತಾಟು ತಾನೇ ಎತ್ತಿಕೊಂಡು ನಳದ ಕಡೆ ನಡೆದ. ಅವ್ವ ಹೌಹಾರಿದಳು. 'ಅಯ್ಯ, ನಾ ಸತ್ತೀನೇನೋ? ಇಡೋ ಅಲ್ಲೇ!' ಅಂದಳು. ಅಣ್ಣ ಕೇಳಲಿಲ್ಲ. 'ಇನ್ನ ನನ್ನ ಎಂಜಲಾ ಯಾರೂ ತೊಳೀಬಾರದು' ಅಂದ. ಅವನ ಗೆಳೆಯರ ಮನೆಗಳಲ್ಲೂ ಅದೇ ಶುರುವಾಯಿತು. ಅಪ್ಪಂದಿರಿಗೆ ಹೆಮ್ಮೆಯೋ ಹೆಮ್ಮೆ, ನನ್ನ ಮಗ ನೋಡ್ರಿ, ನನ್ನ ಮಗ ನೋಡ್ರಿ. ಒಂದು ವಾರದಲ್ಲಿ ನಾಲ್ಕು ಮನೆಯವರು ಲಕ್ಷ್ಮವ್ವನಿಗೆ ನಾಳೆಯಿಂದ ಬರಬೇಡ ಅಂದುಬಿಟ್ಟರು. ಐದನೆಯದು ನಮ್ಮ ಮನೆ, ಅಲ್ಲೂ ಅವಳ ಕೆಲಸ ನಿಂತಿತು.

ಇನ್ನು ಖರೇ ಏನಾಯಿತು ಕೇಳಿರಿ. ಅಣ್ಣ ತೊಳೆದದ್ದು ಅವನ ತಾಟು, ಅವನ ವಾಟಿ, ಅವನ ಲೋಟ. ಹುಳಿಯ ಪಾತ್ರೆ ಯಾರು ತೊಳೆಯಬೇಕು? ತಳ ಹಿಡಿದ ಹಾಲಿನ ಬೋಗುಣಿ? ಮಸಿ ಹಿಡಿದ ನೀರಿನ ಹಂಡೆ? ಅವ್ವನ ಕೂಗು, 'ವತ್ಸಲಾ, ಬಾ ಇಲ್ಲೆ!' ನನಗೆ ಮ್ಯಾಟ್ರಿಕ್ ಪರೀಕ್ಷೆ ಎದುರಿಗಿತ್ತು. ಅಣ್ಣ ಎರಡು ನಿಮಿಷ ತಾಟು ತೊಳೆದು ಕೈ ಒರೆಸಿಕೊಂಡು ಶ್ರಮದ ಘನತೆಯ ಮೇಲೆ ಲೇಖನ ಬರೆಯಲು ಹೋಗುವನು. ನಾನು ಒಂದು ತಾಸು ಬೂದಿಯಲ್ಲಿ ಕೂತು ಅವನ ಘನತೆ ತಿಕ್ಕುತ್ತಿದ್ದೆ. ಅಣ್ಣ ತೊಳೆದ ತಾಟಿನ ಮೇಲೆ ಅವ್ವ ಮತ್ತೆ ನೀರು ಹಾಕಲಿಲ್ಲ, ಅದನ್ನೂ ನೋಡಿದೆ. ತಾಟಿನ ಅಂಚಿಗೆ ಅನ್ನದ ಅಗುಳು ಹಾಗೇ ಅಂಟಿಕೊಂಡಿತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಒಂದು ಸಂಜೆ ಅಪ್ಪ ಅವಳನ್ನು ಅಂಗಳಕ್ಕೆ ಕರೆದರು. 'ಲಕ್ಷ್ಮವ್ವ, ಈಗ ಮುಸುರಿ ಕೆಲಸ ನಿಂತಂಗಾತು. ಹುಡುಗರ ಮಂಡಳಕ್ಕ ಒಂದು ಆಫೀಸು ಬೇಕಾಗೇದ. ಯುಗಾದಿಯೊಳಗ ಖೋಲಿ ಖಾಲಿ ಮಾಡಿಕೊಡು. ಮಗಳಿದ್ದಾಳಲ್ಲ ಕನ್ಹಾನ್‌ದಾಗ' ಅಂದರು. ಎಷ್ಟು ಸರಳ! ಮಗಳ ಗಂಡನ ಮನೆಯಲ್ಲಿ, ಬೀಗರ ಕೈಕೆಳಗೆ ಹೋಗಿ ಬಿದ್ದುಕೋ ಅಂತ ಒಬ್ಬ ಹೆಣ್ಣುಮಗಳಿಗೆ ಹೇಳುವುದು ಎಂಥ ಮಾತು ಅಂತ ಅಪ್ಪನಿಗೆ ಗೊತ್ತಿರಲಿಲ್ಲವೇ? ಚಲೋ ಗೊತ್ತಿತ್ತು. ಅಕ್ಕನನ್ನು ಕೊಟ್ಟ ಮನೆಯಲ್ಲಿ ಅಪ್ಪ ಇವತ್ತಿಗೂ ಒಂದು ಲೋಟ ನೀರು ಕುಡಿಯುವುದಿಲ್ಲ.

ಲಕ್ಷ್ಮವ್ವ ಅವತ್ತು ಜಗಳ ತೆಗೆಯಲಿಲ್ಲ. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದೆ. ನಾನಾದರೂ ಅಪ್ಪನ ಎದುರಿಗೆ ಏನಾದರೂ ಅಂದೆನೇ? ಇಲ್ಲ. ಪುಸ್ತಕ ಹಿಡಿದುಕೊಂಡು ಕಿಟಕಿಯ ಹಿಂದೆ ನಿಂತಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೆ ಇನ್ನೂ ಇದೆ.

ಯುಗಾದಿಗೆ ಎರಡು ದಿನ ಇತ್ತು. ಮುಂಜಾನೆ ಅಣ್ಣ ಫಳಾರದ ತಾಟು ತೊಳೆಯಲು ನಳಕ್ಕೆ ಬಂದ. ಲಕ್ಷ್ಮವ್ವನ ಟ್ರಂಕು, ಹಾಸಿಗೆಯ ಸುರುಳಿ, ತುಳಸಿಯ ಡಬ್ಬಿ ಹೊರಗೆ ಬಂದಿದ್ದವು. ನಾನು ಒಲೆಯ ಬೂದಿ ತುಂಬಿದ ಚಿಪ್ಪು ಹಿಡಿದು ಅಲ್ಲೇ ಕೂತಿದ್ದೆ. ಅಣ್ಣ ಬಹಳ ಮೆತ್ತಗೆ ಮಾತಾಡಿದ. ಅವನು ಕೆಟ್ಟವನಲ್ಲ, ಅದೇ ನನಗೆ ಹೊಟ್ಟೆಯುರಿ.

'ಲಕ್ಷ್ಮವ್ವ, ಬೇಸರ ಮಾಡಕೋಬ್ಯಾಡ. ಒಬ್ಬರ ಎಂಜಲ ಇನ್ನೊಬ್ಬರು ತೊಳಿಯೋದು ತಪ್ಪು. ಇದು ನಿನ್ನ ಮಾನದ ಸಲುವಾಗೇ ಮಾಡೇವಿ.'

ಲಕ್ಷ್ಮವ್ವ ಟ್ರಂಕಿನ ಮೇಲೆ ಕೂತಳು. 'ತಮ್ಮಾ, ಒಂದು ಕೇಳತೀನಿ. ಅವತ್ತ ಸಭಾದಾಗ ಹೇಳಿದಿಯಲ್ಲ, ಏರಿ ಮ್ಯಾಲ ಕೈಕಟಗೊಂಡ ನಿಂತಿದ್ರು ಅಂತ. ಅವರು ಯಾರು?'

'ಆ ಊರಿನವರು.'

'ಅದು ಗೊತ್ತಾತು. ನೀವು ಹೋಗೂಕಿಂತ ಮದಲ ಆ ಕೆರಿಗೆ ಮಣ್ಣ ಹಾಕೋರು ಯಾರ ಇದ್ದರು?'

ಅಣ್ಣ ತಾಟು ತಿರುವುತ್ತಿದ್ದವನು ನಿಲ್ಲಿಸಿದ. 'ಅವರ... ಅವರೇ ಇದ್ದರಂತ. ಕೂಲಿ ಮ್ಯಾಲ.'

'ಮತ್ತ ಆವಾಗ ಯಾಕ ಬುಟ್ಟಿ ಮುಟ್ಟಲಿಲ್ಲ?'

'ಇಂಡಿಯಾದಿಂದ ಪುಕಟ ಹುಡುಗರು ಬಂದಾರ, ಈ ಸಲ ಕೂಲಿ ಇಲ್ಲ ಅಂತ ಓವರ್‌ಸಿಯರ್ ಹೇಳಿದ್ದನಂತ.'

'ದಿನಾ ಯಾಕ ಬರತಿದ್ದರು?'

ನಳದ ನೀರು ಅವನ ತಾಟಿನ ಮೇಲೆ ಸುರಿಯುತ್ತಲೇ ಇತ್ತು.

'ನಾ ಹೇಳತೀನಿ ಕೇಳು' ಎಂದು ಅವಳು ಎದ್ದು ನಿಂತಳು. ಈಗ ದನಿ ಏರಿತು, ಅಕ್ಕಪಕ್ಕದ ಕಿಟಕಿಗಳು ತೆರೆದವು. 'ಇವತ್ತರ ಕರದಾರು, ನಾಳೆರ ಕರದಾರು ಅಂತ ಬರತಿದ್ದರು! ಆ ಮನಿಯಾಗ ಒಲಿ ಹೊತ್ತಿತ್ತೋ ಇಲ್ಲೋ ಒಬ್ಬರರ ಕೇಳಿದಿರೇನು? ಹಡಗ ಹತ್ತಿ ಹೋಗಿ ಅವರ ಕೈಯಾನ ಬುಟ್ಟಿ ಕಸಗೊಂಡ್ರಿ, ಮ್ಯಾಲ ಮೈಗಳ್ಳರು ಅಂತ ನಕ್ಕರಿ! ಬಂದು ಇಲ್ಲಿ ನನ್ನ ಕೈಯಾನ ತಾಟ ಕಸಗೊಂಡಿ. ನನ್ನ ಮಾನದ ಸಲುವಾಗಿ ಅಂತಿ? ನನ್ನ ಮಾನ ಆ ಖೋಲಿಯಾಗಿತ್ತೋ. ನನ್ನ ಕೀಲಿ, ನನ್ನ ಒಲಿ, ನನ್ನ ಬಾಗಲಾ. ಮುಸುರಿ ತಿಕ್ಕಿದ್ದಕ್ಕ ನನ್ನ ಮಾನ ಹೋಗಿರಲಿಲ್ಲ, ಇವತ್ತ ಹೊಂಟತಿ!'

ಆಮೇಲೆ ಅವಳು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡಳು. ಬೂದಿ ತಿಂದು ಬಿರುಕುಬಿಟ್ಟ ಕೈ. 'ನೋಡು, ನಾನೂ ಕೈಕಟಗೊಂಡ ನಿಂತೀನಿ. ಇದನ್ನೂ ಭಾಷಣದಾಗ ಹೇಳು.'

ಜಟಕಾ ಬಂತು. ಟ್ರಂಕನ್ನು ಎತ್ತಿಕೊಡಲು ಅಣ್ಣ ಹೋದ. ಅವಳು ಅವನ ಕೈ ಸರಿಸಿ ತಾನೇ ಎತ್ತಿಟ್ಟಳು. ತುಳಸಿಯ ಡಬ್ಬಿಯನ್ನು ನನ್ನ ಮುಂದೆ ಇಟ್ಟು, 'ಅಲ್ಲಿ ಇಡಾಕ ಜಾಗಾ ಇರೂದಿಲ್ಲ ಮಗಳ, ನೀರ ಹಾಕು' ಅಂದಳು.

ಅಣ್ಣ ಅವತ್ತಿನಿಂದ ಬದಲಾದ, ಅದು ಸುಳ್ಳಲ್ಲ. ಮಂಡಳದವರ ಜೊತೆ ಮಾತು ಕಡಿಮೆ ಮಾಡಿದ. ಶಾಲನ್ನು ಪೆಟ್ಟಿಗೆಗೆ ಹಾಕಿದ. ಏಪ್ರಿಲಿನಲ್ಲಿ ಎರಡನೆಯ ತಂಡ ಹೊರಡುವಾಗ ಬೀಳ್ಕೊಡುವ ಸಭೆಗೆ ಅವನನ್ನೇ ಭಾಷಣಕ್ಕೆ ಕರೆದರು. ಎದ್ದು ನಿಂತು ಏರಿಯ ಮೇಲೆ ನಿಂತವರ ಕತೆಯನ್ನು ಈ ಸಲ ಸರಿಯಾಗಿ ಹೇಳಿದ. 'ಅವರು ಮೈಗಳ್ಳರಲ್ಲ. ನಾವು ಅವರ ಅನ್ನ ಕಸಿದುಕೊಂಡಿದ್ದೆವು. ಕಸಿದುಕೊಂಡು ಅವರನ್ನೇ ನೋಡಿ ನಕ್ಕೆವು. ಹೋಗುವವರು ಹೋಗಿರಿ, ಬುಟ್ಟಿ ಎತ್ತುವ ಮುಂಚೆ ಅದು ಯಾರ ಬುಟ್ಟಿ ಅಂತ ಕೇಳಿರಿ' ಅಂದ. ಲಕ್ಷ್ಮವ್ವನ ಹೆಸರನ್ನೂ ಹೇಳಿದ. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಅಧ್ಯಕ್ಷರು ಕೆಮ್ಮಿ ವಂದನಾರ್ಪಣೆ ಓದಿದರು. ಆ ಭಾಷಣ ಈ ವರದಿಯಲ್ಲಿಲ್ಲ, ಮೊದಲಿನದೇ ಇದೆ, ಪ್ರೇಕ್ಷಕ ಮಹಾಶಯರ ಸಮೇತ.

ಮೇ ತಿಂಗಳಲ್ಲಿ ನಾನು ರೈಲಿನ ಪಾಸು ಹಿಡಿದು ಕನ್ಹಾನಿಗೆ ಹೋದೆ. ನಾಲ್ಕು ಹುರಕ್ಕಿ ಹೋಳಿಗೆಗಳನ್ನು ಅವ್ವನಿಗೆ ಹೇಳದೆ ಕಟ್ಟಿಕೊಂಡಿದ್ದೆ. ಕಲಾವತಿಯ ಮನೆಯ ಅಂಗಳದಲ್ಲಿ, ಸುಡುವ ಬಿಸಿಲಲ್ಲಿ, ಲಕ್ಷ್ಮವ್ವ ಕೂತು ಮುಸುರೆ ತಿಕ್ಕುತ್ತಿದ್ದಳು. ಬೀಗರ ಮನೆಯ ಮುಸುರೆ, ಹನ್ನೊಂದು ಮಂದಿಯದು. ಜಗಲಿಯ ಮೂಲೆಯಲ್ಲಿ ಕಟ್ಟಿಗೆಯ ಒಟ್ಟಿಲಿಗೆ ಆನಿಸಿ ಅವಳ ಹಾಸಿಗೆಯ ಸುರುಳಿ ಇತ್ತು. ಅವಳು ಪಿಸುಮಾತಿನಲ್ಲಿ ಮಾತಾಡಿದಳು. ಒಳಗಿನಿಂದ ಬೀಗಿತ್ತಿ ಕೆಮ್ಮಿದರೆ ಬಾಯಿ ಮುಚ್ಚುತ್ತಿದ್ದಳು. ನನಗೆ ಅಳು ಬಂತು, ಅಳುವಿಗಿಂತ ಸಿಟ್ಟು ಬಂತು.

ಅವಳನ್ನು ಸ್ವಲ್ಪ ಖುಷಿಪಡಿಸೋಣ ಅಂತ ಅಣ್ಣನ ಎರಡನೆಯ ಭಾಷಣದ ಸುದ್ದಿ ಎಲ್ಲ ಹೇಳಿದೆ. ಹೆಸರು ಹೇಳಿದ್ದನ್ನೂ ಹೇಳಿದೆ. ಅವಳು ಕೈ ನಿಲ್ಲಿಸಿ ಕೇಳಿದಳು.

'ಶಾಣ್ಯಾ ಆಗ್ಯಾನ ಹುಡುಗ' ಅಂದಳು. 'ಅಷ್ಟ ಮಂದಿ ಮುಂದ ಹೇಳಿದನ?'

'ಹೂಂ. ಎಲ್ಲಾರ ಮುಂದ.'

'ರಾಯರ ಮುಂದ ಖೋಲಿ ಕೇಳಿದನೇನು?'

ಅಣ್ಣ ಊರಿಗೆಲ್ಲ ಹೇಳಿದ್ದ, ಅಪ್ಪನಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಲಕ್ಷ್ಮವ್ವ ಮತ್ತೆ ಬೂದಿ ತೆಗೆದುಕೊಂಡು ಪಾತ್ರೆಯ ಕಡೆ ತಿರುಗಿದಳು.

ಅದಾಗಿ ವರ್ಷವಾಯಿತು. ಈಗ ಈ ವರದಿ ಬಂದಿದೆ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಮಂಡಳದ ಕಾರ್ಯಾಲಯದ ವಿಳಾಸ ಹಾಕಿದ್ದಾರೆ, 'ಶ್ರೀ ಪಾಂಡುರಂಗರಾಯರ ಕ್ವಾರ್ಟರ್ಸ್, ಹಿಂದಿನ ಖೋಲಿ' ಅಂತ. ಅದನ್ನು ಮಸಿಯಿಂದ ಹೊಡೆದುಹಾಕಿ 'ಲಕ್ಷ್ಮವ್ವನ ಮನೆ' ಅಂತ ಬರೆದಿದ್ದೇನೆ. ಅಣ್ಣ ಪಕ್ಕದಲ್ಲೇ ನಿಂತು ನೋಡುತ್ತಿದ್ದಾನೆ, ಕೈಕಟ್ಟಿಕೊಂಡು. ಅಪ್ಪ ಆಫೀಸಿನಿಂದ ಬರುವ ಹೊತ್ತಾಯಿತು. ಪುಸ್ತಕವನ್ನು ಅಣ್ಣನ ಕೈಗೇ ಕೊಡುತ್ತೇನೆ, ಅಪ್ಪನ ಮುಂದೆ ಅವನೇ ಹಿಡಿಯಲಿ.