ಹೊಳಲ್ಕೆರೆಯಲ್ಲಿ ಕೇಳಿದ ‘ಶೀಪ್ಸ್’

ಬೆಳಿಗ್ಗೆ ಆರೂವರೆಗೆ ಚಿತ್ರದುರ್ಗ ಬಿಟ್ಟೆವು. ಜೊತೆಗಿದ್ದವರು ಇಂಗ್ಲಿಷ್ ಅಧ್ಯಾಪಕಿ ನಾಗರತ್ನ. ಅಂದು ಅವರು ಮೂರು ಊರಿನ ಪದವಿ ಕಾಲೇಜುಗಳಲ್ಲಿ ಮೌಖಿಕ ಪರೀಕ್ಷೆ ನಡೆಸಬೇಕಿತ್ತು. ಇಂಗ್ಲಿಷ್ ಕಲಿಕೆಯ ಬಗ್ಗೆ ವಿದ್ಯಾರ್ಥಿಗಳು ಏನು ನಂಬಿದ್ದಾರೆಂದು ಕೇಳಿ ಬರೆಯುವುದು ನನ್ನ ಕೆಲಸ. ಬಸ್ಸಿನಲ್ಲಿ ಅವರಿಗೆ ಉಚಿತ ಟಿಕೆಟ್, ನನಗೆ ಪೂರ್ತಿ ದರ. ‘ಕಿಟಕಿ ಸೀಟು ನಿಮಗೇ ಇರಲಿ, ದುಡ್ಡು ಕೊಟ್ಟೋರು ನೀವು’ ಎಂದು ನಕ್ಕರು.

ಐಮಂಗಲ ದಾಟಿ ಹಿರಿಯೂರಿನಲ್ಲಿ ಇಳಿದಾಗ ಇನ್ನೂ ತಂಪಿತ್ತು. ಇಡ್ಲಿ ತಿಂದು ತರಗತಿಗೆ ಹೋದೆವು. ‘ಕಾನ್ವೆಂಟಲ್ಲಿ ಓದಿದೋರಿಗೇ ಇಂಗ್ಲಿಷ್ ಬರಾದು ಸರ್’ ಎಂದ ಒಬ್ಬ. ಹೊಸದುರ್ಗದಲ್ಲಿ, ಗಾಳಿಯಂತ್ರಗಳು ಕಾಣುವ ಕೊಠಡಿಯಲ್ಲಿ, ಒಬ್ಬಳ ನಂಬಿಕೆ ಬೇರೆ: ‘ಸಿಟ್ಟು ಬಂದ್ರೆ ಇಂಗ್ಲಿಷ್ ತಾನಾಗೇ ಬರ್ತೈತೆ. ನಮ್ಮ ಮಾವ ಜಗಳಕ್ಕೆ ನಿಂತ್ರೆ ಕನ್ನಡನೇ ಮಾತಾಡಲ್ಲ.’

ಮೂರು ಗಂಟೆಗೆ ಹೊಳಲ್ಕೆರೆ. ಬಿಸಿಲು ಚುರುಕಾಗಿತ್ತು. ತಾಳ್ಯದ ಕಡೆಯ, ಕುರಿ ಸಾಕುವ ಮನೆಯ ಕಾವ್ಯಳಿಗೆ ಇದು ಕೊನೆಯ ಅವಕಾಶ. ಹಿಂದೆ ಎರಡು ಸಲ ಬಾಯಿ ತೆರೆಯದೆ ಫೇಲಾಗಿದ್ದಳು. ಇಂದೂ ಮಾತಾಡದಿದ್ದರೆ ಪದವಿ ಇಲ್ಲ. ನಾಗರತ್ನ ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಊರು ಕೇಳಿದರು. ಕಾವ್ಯ ಹಾಲ್‌ಟಿಕೆಟ್ ಮಡಚಿದಳು, ಬಿಚ್ಚಿದಳು. ಕೊನೆಗೆ ಕನ್ನಡದಲ್ಲೇ, ‘ಏನಾಗ್ತಾ ಇದೆಯಮ್ಮಾ?’ ಎಂದರು.

‘ಹೊಟ್ಟೇಲಿ ಕುರಿ ಬೆದರಿ ಓಡಿದಂಗೆ ಆಗ್ತೈತ್ರಿ.’

‘ಅದನ್ನೇ ಇಂಗ್ಲಿಷಲ್ಲಿ ಹೇಳು.’

‘ಇನ್ ಮೈ ಸ್ಟಮಕ್... ಶೀಪ್ಸ್ ರನ್ನಿಂಗ್.’

ಹಿಂದಿನ ಬೆಂಚಿನ ತಿಪ್ಪೇಶ ನಕ್ಕ. ‘ಲೇ, ಒಂದಿದ್ರೂ ಶೀಪ್, ನೂರಿದ್ರೂ ಶೀಪ್!’

ಕಾವ್ಯ ಗಕ್ಕನೆ ತಿರುಗಿದಳು. ‘ನೀನು ಮೇಯ್ಸಿದ್ದೀಯೇನಲೇ? ಒಂದೊಂದಕ್ಕೆ ಒಂದೊಂದು ಬುದ್ಧಿ ಐತೆ. ಎಲ್ಲಾ ಸೇರಿ ಒಂದೇ ಶೀಪ್ ಹೆಂಗಾಗ್ತಾವೆ?’

‘ಯಾವುದಕ್ಕೆ ಯಾವ ಬುದ್ಧಿ? ಇಂಗ್ಲಿಷಲ್ಲಿ ಹೇಳು’ ಎಂದರು ನಾಗರತ್ನ.

ಹೇಳಿದಳು. ಒಂದು ‘ಆಂಗ್ರಿ’, ಒಂದು ‘ಶೈ’. ಇನ್ನೊಂದು ಮರಿ ಕಳೆದುಕೊಂಡು ಮೂರು ದಿನ ‘ನೋ ಈಟಿಂಗ್’. ಪಕ್ಕದಲ್ಲಿ ಕೂತ ಇವಳು ‘ಐ ಆಲ್ಸೋ ನೋ ಈಟಿಂಗ್’. ವ್ಯಾಕರಣ ಎಡವಿತು, ಮಾತು ನಿಲ್ಲಲಿಲ್ಲ. ಗಡಿಯಾರ ನೋಡಿದೆ: ನಾಲ್ಕು ನಿಮಿಷ. ಈ ಸಲ ತಿಪ್ಪೇಶನೂ ನಗಲಿಲ್ಲ.

‘ಪಾಸ್. ಶೀಪ್‌ಗೆ ಮಾತ್ರ ಎಸ್ ಹಚ್ಚಬೇಡ.’

‘ಹಚ್ಚಲ್ರಿ ಮೇಡಂ, ಪರೀಕ್ಷೆಯೊಳಗೆ.’

ಮುಂದಿನ ಸರದಿ ತಿಪ್ಪೇಶನದು. ಎದ್ದು ನಿಂತವನು ಬೆವರೊರೆಸಿಕೊಂಡ. ‘ಹೆದರಬ್ಯಾಡ. ಹೊಟ್ಟೇಲಿ ಏನೈತೋ ಅದನ್ನ ಹೇಳು’ ಎಂದು ಕಾವ್ಯಳೇ ಪಿಸುಗುಟ್ಟಿದಳು.

‘ಇನ್ ಮೈ ಸ್ಟಮಕ್,’ ಎಂದ ತಿಪ್ಪೇಶ, ‘ನೋ ಟಿಫನ್.’

ಬೆಂಚುಗಳೆಲ್ಲ ನಕ್ಕವು, ನಾಗರತ್ನರೂ ನಕ್ಕರು. ಚಿತ್ರದುರ್ಗದ ಬಸ್ಸು ಹಿಡಿಯಲು ಹೊರಟಾಗ ಹಿಂದಿರುಗಿ ನೋಡಿದೆ. ಕಾವ್ಯ ಗೇಟಿನ ಬಳಿ ಫೋನಿನಲ್ಲಿ ಕೂಗುತ್ತಿದ್ದಳು: ‘ಪಾಸಾದೆ ಕಣವ್ವಾ! ಬರೀ ಕುರಿ ಮ್ಯಾಲೇ ಕೇಳಿದ್ರು!’